ಅಮೀರಬಾಯಿ ಕರ್ನಾಟಕಿ: ಮೈಕು ಏರಿಸಿದ ದನಿ, ಮೈಕೇ ಇಳಿಸಿದ ದನಿ

ಮಹಾರಾಷ್ಟ್ರದ ಗಡಿಯೊಳಗಿನ ಜತ್ತದ ಬಸ್‌ಸ್ಟ್ಯಾಂಡ್ ಹತ್ತಿರ ನಾನು ಚಹಾ ಕುಡಿಯುವ ಹೋಟೆಲಿನಲ್ಲಿ ಬೆಳಗ್ಗೆ ವಿವಿಧ ಭಾರತಿ ಹಾಕಿರುತ್ತಾರೆ. 'ಭೂಲೇ ಬಿಸರೇ ಗೀತ್' ಬರುವ ಹೊತ್ತಿಗೆ ಭಜಿ ಕರಿಯುವ ಸದ್ದು, ವಿಜಯಪುರದ ಬಸ್ಸಿನ ಹಾರ್ನು ಎಲ್ಲ ಸೇರಿ ಹಾಡು ಅರ್ಧಂಬರ್ಧ ಕೇಳುತ್ತದೆ. ಆದರೆ ಹಾಡಿಗೆ ಮುಂಚೆ ಆಗೊಮ್ಮೆ ಈಗೊಮ್ಮೆ ಒಂದು ಹೆಸರು ಬರುತ್ತದೆ, "ಅಮೀರಬಾಯಿ ಕರ್ನಾಟಕೀ." ಆಗ ಮೂರ್ನಾಲ್ಕು ತಲೆ ತಾವಾಗಿಯೇ ರೇಡಿಯೋ ಕಡೆ ತಿರುಗುತ್ತವೆ. ಬೋರ್ಡು ಮರಾಠಿ, ಕಚೇರಿ ಮರಾಠಿ, ಹೊಲದ ಪಹಣಿಯಾದ ಸಾತ್‌ಬಾರಾ ಉತಾರವೂ ಮರಾಠಿ. ಮನೆಯೊಳಗಿನ ಮಾತು ಮಾತ್ರ ಕನ್ನಡ. ಅಂಥ ಊರಲ್ಲಿ ಹಿಂದಿ ರೇಡಿಯೋದವರು 'ಕರ್ನಾಟಕೀ' ಅಂದರೆ ಕಿವಿ ನಿಮಿರುತ್ತದೆ, ಅಲ್ವಾ?

ಒಮ್ಮೆ ಪಕ್ಕದಲ್ಲಿ ಕೂತಿದ್ದ ಹುಡುಗನನ್ನು ಕೇಳಿದೆ, "ಯಾರ ಅಕಿ, ಗೊತ್ತೈತೇನು?"

"ಕರ್ನಾಟಕದಾಕಿ ಇರಬೇಕಲ್ಲ ಕಾಕಾ," ಅಂದವನು ಕಪ್ಪು ಇಟ್ಟು ಬಸ್ ಹತ್ತಿದ.

ಅವನು ಹೇಳಿದ್ದು ತಪ್ಪಲ್ಲ. ಆದರೆ ಒಂದು ತಮಾಷೆ ನೋಡಿ. ಹಿಂದಿ ಸಿನಿಮಾದ ಹಾಡುಗಾರ್ತಿ, ನಟಿ ಅಮೀರಬಾಯಿ ತೀರಿಕೊಂಡದ್ದು 1965ರ ಮಾರ್ಚ್ 3ರಂದು. ಆಗ 'ಕರ್ನಾಟಕ' ಎಂಬ ಹೆಸರಿನ ರಾಜ್ಯವೇ ಇರಲಿಲ್ಲ. ಮೈಸೂರು ರಾಜ್ಯಕ್ಕೆ ಆ ಹೆಸರು ಸಿಕ್ಕಿದ್ದು 1973ರ ನವೆಂಬರ್ 1ಕ್ಕೆ. ರಾಜ್ಯಕ್ಕಿಂತ ಎಷ್ಟೋ ವರ್ಷ ಮೊದಲೇ ಈ ಹೆಣ್ಣುಮಗಳು ಆ ಹೆಸರನ್ನು ಮುಂಬೈ ಸಿನಿಮಾದ ಪರದೆ ಮೇಲೆ ಹಾಕಿಸಿಕೊಂಡಿದ್ದಳು.

ಆಕೆ ಹುಟ್ಟಿದ್ದು ಬೀಳಗಿಯಲ್ಲಿ. ಈಗ ಅದು ಬಾಗಲಕೋಟೆ ಜಿಲ್ಲೆ, ಆಗ ಬಿಜಾಪುರ ಜಿಲ್ಲೆ. ಬೀಳಗಿಯಲ್ಲಿ ಯಾರೂ ಯಾರನ್ನೂ ಕರ್ನಾಟಕಿ ಅಂತ ಕರೆಯುವುದಿಲ್ಲ. ಊರು ಬಿಟ್ಟು ಹೊರಗೆ ಹೋದವರಿಗೆ ಮಾತ್ರ ಅಂಟುವ ಹೆಸರು ಅದು. ನಾನೇ ಸಾಂಗ್ಲಿಗೆ ಹೋದರೆ 'ಕಾನಡಿ', ವಿಜಯಪುರಕ್ಕೆ ಹೋದರೆ 'ಮಹಾರಾಷ್ಟ್ರದವ್ರು'. ಎರಡೂ ಕಡೆ ಹೆಸರಿಡುವವರು ಎದುರಿಗಿದ್ದವರೇ.

ಇನ್ನೊಂದು ಕಾರಣವೂ ಇದೆ. ಆ ಕಾಲದ ಹಾಡುಗಾರ್ತಿಯರ ಹೆಸರುಗಳನ್ನು ಸಾಲಾಗಿ ಹೇಳಿಕೊಂಡು ನೋಡಿ. ಗಂಗೂಬಾಯಿ ಹಾನಗಲ್, ಹೀರಾಬಾಯಿ ಬಡೋದೇಕರ್, ಕೇಸರಬಾಯಿ ಕೇರ್ಕರ್, ಜೋಹ್ರಾಬಾಯಿ ಅಂಬಾಲೇವಾಲಿ. ಎಲ್ಲರ ಹೆಸರಿನ ಹಿಂದೆಯೂ ಒಂದು ಊರು. ಹಾಡಿನ ಮನೆತನಗಳಲ್ಲಿ ಹುಟ್ಟಿದ ಹೆಂಗಸರ ಹೆಸರಿಗೆ ಅಪ್ಪನ ಅಥವಾ ಗಂಡನ ಅಡ್ಡಹೆಸರು ಸೇರುವ ರೂಢಿ ಕಡಿಮೆ ಇತ್ತು. ಗ್ರಾಮಫೋನ್ ಕಂಪನಿಗೆ ಮಾತ್ರ ಪ್ಲೇಟಿನ, ಅಂದರೆ ಹಾಡಿನ ತಟ್ಟೆಯ ಮೇಲೆ ಅಚ್ಚು ಹಾಕಲು ಒಂದು ಪೂರ್ತಿ ಹೆಸರು ಬೇಕು. 1902ರಲ್ಲಿ ಕಲ್ಕತ್ತೆಯ ಹಾಡುಗಾರ್ತಿ ಗೌಹರ್ ಜಾನ್ ಹಾಡು ಮುಗಿಸಿ ಇಂಗ್ಲಿಷಿನಲ್ಲಿ ತನ್ನ ಹೆಸರು ತಾನೇ ಕೂಗಿ ಹೇಳಿದ್ದಳು, ಯಾಕೆಂದರೆ ಪ್ಲೇಟು ಒತ್ತುತ್ತಿದ್ದುದು ದೂರದ ಜರ್ಮನಿಯಲ್ಲಿ. ಅಲ್ಲಿಯವರಿಗೆ ಯಾವ ಹಾಡು ಯಾರದು ಅಂತ ತಿಳಿಯಬೇಕಿತ್ತು. ಗಂಗೂಬಾಯಿಯವರ ಮೊದಮೊದಲ ಪ್ಲೇಟುಗಳು 'ಗಾಂಧಾರಿ ಹುಬ್ಬಳ್ಳಿ' ಎಂಬ ಹೆಸರಲ್ಲಿ ಬಂದಿದ್ದವು. ಊರೇ ಅಡ್ಡಹೆಸರಾಗಿ, ಅದೇ ವಿಳಾಸವೂ ಆಯಿತು. ಹಾನಗಲ್ಲು ಎಲ್ಲಿದೆ ಅಂತ ಹುಬ್ಬಳ್ಳಿ, ಧಾರವಾಡದವರಿಗೆ ಗೊತ್ತಾದರೆ ಸಾಕಿತ್ತು. ಬೀಳಗಿ ಎಲ್ಲಿದೆ ಅಂತ ಮುಂಬೈಯವರಿಗೆ ಯಾರು ಹೇಳಬೇಕು? ಹಾಗಾಗಿ 'ಕರ್ನಾಟಕಿ'.

ಬೀಳಗಿಯ ಹುಡುಗಿ ಬೆಂಗಳೂರಿಗೆ ಹೋಗದೆ ಮುಂಬೈಗೆ ಯಾಕೆ ಹೋದಳು ಅಂತ ಈಗಿನವರು ಕೇಳುತ್ತಾರೆ. ಬೆಂಗಳೂರು ಆಗ ಬೇರೆ ಸಂಸ್ಥಾನ. ಬಿಜಾಪುರ, ಬೆಳಗಾವಿ, ಧಾರವಾಡ, ಕಾರವಾರ ಎಲ್ಲವೂ 1956ರವರೆಗೆ ಮುಂಬೈ ಆಡಳಿತದಲ್ಲೇ ಇದ್ದವು. ಜತ್ತ, ಸಾಂಗ್ಲಿ, ಮಿರಜ ಚಿಕ್ಕಚಿಕ್ಕ ಸಂಸ್ಥಾನಗಳು. ಬಿಜಾಪುರದಲ್ಲಿ ಮೀಟರ್ ಗೇಜ್ ರೈಲು ಹತ್ತಿದರೆ ಹೊಟಗಿ, ಅಲ್ಲಿಂದ ಗಾಡಿ ಬದಲಿಸಿದರೆ ಸೋಲಾಪುರ, ಪುಣೆ, ಮುಂಬೈ. ಈಗ ನಾವು ಗಡಿ ಅನ್ನುವ ಈ ಪ್ರದೇಶ ಆಗ ದಾರಿಯ ಮಧ್ಯೆ ಬರುವ ಊರುಗಳಷ್ಟೇ.

ಆ ದಾರಿಯಲ್ಲಿ ರೈಲಿಗಿಂತ ಮೊದಲೇ ಓಡಾಡಿದ್ದು ನಾಟಕ.

ಉತ್ತರ ಕನ್ನಡದ ಕರ್ಕಿಯಿಂದ ಯಕ್ಷಗಾನದ ಭಾಗವತರ ಮೇಳವೊಂದು ಸಾಂಗ್ಲಿಗೆ ಬಂದು ಆಟ ಆಡಿತು. ಅದನ್ನು ನೋಡಿದ ಸಾಂಗ್ಲಿಯ ಪಟವರ್ಧನ ರಾಜರು ತಮ್ಮ ಆಸ್ಥಾನದ ವಿಷ್ಣುದಾಸ ಭಾವೆಯವರಿಗೆ ಮರಾಠಿಯಲ್ಲೂ ಇಂಥದ್ದು ಮಾಡು ಅಂದರು. 1843ರ ನವೆಂಬರ್ 5ರಂದು 'ಸೀತಾ ಸ್ವಯಂವರ' ಆಡಿದರು. ಇವತ್ತಿಗೂ ಅದೇ ತಾರೀಖು ಮರಾಠಿ ರಂಗಭೂಮಿ ದಿನ. ಮುಂದೆ ಸಂಗೀತ ನಾಟಕದ ರೂಢಿ ಹಾಕಿಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅವರ 'ಶಾಕುಂತಲ' 1880ರದು. ಇದರಲ್ಲಿ ನಮ್ಮದೆಷ್ಟು ಅವರದೆಷ್ಟು ಅಂತ ಜಗಳ ಆಡುವವರು ಎರಡೂ ಕಡೆ ಇದ್ದಾರೆ. ನನಗೆ ಆ ಜಗಳದಲ್ಲಿ ಆಸಕ್ತಿ ಇಲ್ಲ.

ಆಸಕ್ತಿ ಇರುವುದು ಬೇರೆ ಪ್ರಶ್ನೆಯಲ್ಲಿ. ಆ ನಾಟಕಗಳಲ್ಲಿ ಶಕುಂತಲೆ ಯಾರು? ಸುಭದ್ರೆ ಯಾರು? ಎಲ್ಲ ಗಂಡಸರೇ. ಅವರಲ್ಲಿ ದೊಡ್ಡ ಹೆಸರು ನಾರಾಯಣ ಶ್ರೀಪಾದ ರಾಜಹಂಸ, ಅಂದರೆ ಬಾಲಗಂಧರ್ವ. 1905ರಲ್ಲಿ ಮಿರಜದಲ್ಲಿ ಶಕುಂತಲೆಯಾಗಿ ರಂಗಕ್ಕೆ ಬಂದರು. ಅವರು ಸೀರೆ ಉಡುವ ಬಗೆ, ಮುಡಿ ಕಟ್ಟುವ ಬಗೆಯನ್ನು ದೊಡ್ಡ ಮನೆತನದ ಹೆಂಗಸರು ನೋಡಿ ಕಲಿಯುತ್ತಿದ್ದರು. ನಮ್ಮ ಕುಂದಗೋಳದ ರಾಮಭಾವು, ಮುಂದೆ ಸವಾಯಿ ಗಂಧರ್ವ ಅಂತ ಹೆಸರಾದವರು, ಮರಾಠಿ ರಂಗದಲ್ಲಿ ಹೆಣ್ಣುಪಾತ್ರಕ್ಕೇ ಪ್ರಸಿದ್ಧರು. ಹೆಣ್ಣು ಹೇಗೆ ನಡೆಯಬೇಕು, ಹೇಗೆ ನಾಚಬೇಕು ಅಂತ ಗಂಡಸರು ತೋರಿಸಿದರು. ಹೆಂಗಸರು ನೋಡಿ ಒಪ್ಪಿಕೊಂಡರು.

ಹೆಂಗಸರು ರಂಗಕ್ಕೆ ಬರಲೇ ಇಲ್ಲ ಅಂತಲ್ಲ. ಬಂದವರು ಹೆಚ್ಚಾಗಿ ಹಾಡು, ಕುಣಿತದ ಮನೆತನದವರು. ಊರಿನವರು ಟಿಕೆಟ್ ತೆಗೆಸಿ ಅವರ ಹಾಡು ಕೇಳುತ್ತಿದ್ದರು. ಮನೆಗೆ ಮಾತ್ರ ಕರೆಯುತ್ತಿರಲಿಲ್ಲ. ನಮ್ಮ ಆಯಿ ಯಾರನ್ನಾದರೂ ಬಯ್ಯುವಾಗ "ಕಂಪನಿಯಾಕಿ ಹಂಗ ಮಾಡ್ತಾಳ" ಅನ್ನುತ್ತಿದ್ದಳು. ಕಂಪನಿ ಅಂದರೆ ನಾಟಕದ ಕಂಪನಿ. ಅದೇ ಆಯಿ ಹಸು ಹಿಂಡುವಾಗ ಕಂಪನಿ ಪದಗಳನ್ನೇ ಗುನುಗುತ್ತಿದ್ದಳು. ಈ ಎರಡು ಮಾತಿಗೆ ತಾಳ ಕೂಡುವುದಿಲ್ಲ ಅಂತ ಅವಳಿಗೆ ಯಾವತ್ತೂ ಅನ್ನಿಸಿದ ಹಾಗಿಲ್ಲ.

'ಬಾಯಿ' ಅನ್ನುವ ಪದಕ್ಕೂ ಇದೇ ಗತಿ. ನಮ್ಮ ಕಡೆ ಅದು ಬರೀ ಮರ್ಯಾದೆ. ಅರ್ಧ ಊರಿನ ಹೆಣ್ಣುಮಕ್ಕಳ ಹೆಸರು ಬಾಯಿಯಿಂದಲೇ ಮುಗಿಯುತ್ತದೆ, ಮರಾಠಿ ಶಾಲೆಯಲ್ಲಿ ಟೀಚರಿಗೂ 'ಬಾಯೀ' ಅಂತಲೇ ಕೂಗುತ್ತಾರೆ. ಉತ್ತರದ ಹಿಂದಿಯಲ್ಲಿ ಅದರ ಅರ್ಥವೇ ಬೇರೆ. ಅಲ್ಲಿ ಬಾಯಿ ಅಂದರೆ ಮೆಹಫಿಲಿನಲ್ಲಿ ಹಾಡುವವಳು, ಕುಣಿಯುವವಳು. ಈ ಪದ ಮುಂದೆ ಮತ್ತೆ ಬರುತ್ತದೆ.

ಅಮೀರಬಾಯಿಯ ಕಥೆಗೆ ಮೊದಲು ಅಕ್ಕ ಗೌಹರಬಾಯಿಯ ಕಥೆ ಹೇಳಬೇಕು. ಕಲ್ಕತ್ತೆಯ ಗೌಹರ್ ಜಾನ್ ಬೇರೆ, ಈಕೆ ಬೇರೆ. ಅಕ್ಕ ತಂಗಿ ಇಬ್ಬರೂ ಹಾಡುವವರೇ. ಗೌಹರಬಾಯಿ ಬಾಲಗಂಧರ್ವರ ಹಾಡಿಗೆ ಮರುಳಾದವಳು. ಅವರ ತಾನ, ಅವರ ಮುರ್ಕಿ, ಪದದ ಕೊನೆಯಲ್ಲಿ ಅವರು ಉಸಿರು ಬಿಡುವ ಬಗೆ, ಎಲ್ಲವನ್ನೂ ಅಚ್ಚೊತ್ತಿದ ಹಾಗೆ ಹಾಡುತ್ತಿದ್ದಳು. 1938ರ ಹೊತ್ತಿಗೆ ಅವರ ಕಂಪನಿ ಸೇರಿದಳು. ಬಾಲಗಂಧರ್ವರಿಗೆ ಆಗ ಐವತ್ತು. ಕಂಪನಿ ಸಾಲದಲ್ಲಿ ಮುಳುಗಿ ಎದ್ದು ಮತ್ತೆ ಮುಳುಗುತ್ತಿತ್ತು. ಅವರು ಆಡುತ್ತಿದ್ದ ನಾಯಕಿಯ ಪಾತ್ರಗಳನ್ನು ಈಗ ಗೌಹರಬಾಯಿ ಆಡತೊಡಗಿದಳು.

ಇಲ್ಲಿ ಸ್ವಲ್ಪ ನಿಂತು ನೋಡಿ. ಒಬ್ಬ ಗಂಡಸು ಹೆಣ್ಣಿನಂತೆ ನಡೆದ, ಹಾಡಿದ. ಅದೇ ಹೆಣ್ಣುತನದ ಮಾದರಿ ಆಯಿತು. ಮೂವತ್ತು ವರ್ಷ ಆದ ಮೇಲೆ ನಿಜವಾದ ಹೆಣ್ಣೊಬ್ಬಳು ಆ ಪಾತ್ರಕ್ಕೆ ಬಂದಳು. ಬಂದವಳು ಆಡಿದ್ದು ತನ್ನ ನಡಿಗೆಯನ್ನಲ್ಲ, ಆ ಗಂಡಸಿನ ನಡಿಗೆಯನ್ನು. ಹಾಡಿದ್ದೂ ಅವನ ಗಾಯಕಿಯನ್ನೇ. ಹೀಗೆ ಆಡಿದರೆ ಮಾತ್ರ ಜನ ಒಪ್ಪುತ್ತಿದ್ದರು, ಯಾಕೆಂದರೆ ಅವರು ದುಡ್ಡು ಕೊಟ್ಟು ಬರುತ್ತಿದ್ದುದೇ ಬಾಲಗಂಧರ್ವರನ್ನು ಕೇಳಲು. ಆದರೂ ಬೈಗುಳ ತಪ್ಪಲಿಲ್ಲ. ಗೌಹರಬಾಯಿ ಮುಸ್ಲಿಂ, ಕನ್ನಡದ ಊರಿನವಳು, ಹಾಡಿನ ಮನೆತನದವಳು. ಮುಂದೆ ಬಾಲಗಂಧರ್ವರನ್ನು ಮದುವೆಯೂ ಆದಳು. ಅವರ ಮನೆಯವರು, ಹಳೆಯ ಗೆಳೆಯರು, ಅಭಿಮಾನಿಗಳು ಆಕೆಯನ್ನು ಒಪ್ಪಲಿಲ್ಲ. ಕಂಪನಿಯ ಕಷ್ಟವನ್ನೆಲ್ಲ ಆಕೆಯ ತಲೆಗೇ ಕಟ್ಟಿದವರೂ ಇದ್ದಾರೆ. ಕಂಪನಿ ಮುಳುಗಿದ್ದು ಸಿನಿಮಾ ಬಂದದ್ದರಿಂದ, ಅದಕ್ಕೂ ಹೆಚ್ಚಾಗಿ ಬಾಲಗಂಧರ್ವರ ಕೈ ದೊಡ್ಡದಿದ್ದುದರಿಂದ. ನಾಟಕದ ಸೀರೆಗೆ, ಅತ್ತರಿಗೆ, ಪರದೆಗೆ ಅವರು ಸುರಿದ ದುಡ್ಡಿಗೆ ಲೆಕ್ಕ ಇರಲಿಲ್ಲ. ಗೌಹರಬಾಯಿ ಬರುವ ಮುಂಚೆಯೇ ಸಾಲ ಬಂದಿತ್ತು. ಆಕೆ 1964ರಲ್ಲಿ ತೀರಿಕೊಂಡಳು, ಬಾಲಗಂಧರ್ವರು 1967ರಲ್ಲಿ.

ಇನ್ನು ತಂಗಿ. ಅಕ್ಕ ರಂಗಭೂಮಿಯ ಕಡೆಗಾಲದಲ್ಲಿ ಅದರೊಳಗೆ ಹೋದಳು, ತಂಗಿ ಸಿನಿಮಾದ ಮೊದಲ ಕಾಲಕ್ಕೆ ಸರಿಯಾಗಿ ಮುಂಬೈಯಲ್ಲಿದ್ದಳು. ಮಾತಿನ ಸಿನಿಮಾ ಶುರುವಾದದ್ದು 1931ರಲ್ಲಿ. ಆ ಹೊಸ ಉದ್ಯೋಗಕ್ಕೆ ನಮ್ಮ ಪಕ್ಕದ ಕೊಲ್ಹಾಪುರವೂ ದೊಡ್ಡ ಕಾರಖಾನೆ. ಪ್ರಭಾತ್ ಕಂಪನಿ 1929ರಲ್ಲಿ ಹುಟ್ಟಿದ್ದು ಅಲ್ಲೇ. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನಾ' ತಯಾರಾಗಿದ್ದೂ ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಬಿಡುಗಡೆ ಆಗಿದ್ದು 1934ರ ಮಾರ್ಚ್ 3ಕ್ಕೆ. ಅಮೀರಬಾಯಿ ತೀರಿಕೊಂಡ ತಾರೀಖೂ ಅದೇ ಮಾರ್ಚ್ 3. ಸುಮ್ನೆ ಕಾಕತಾಳೀಯ, ಆದರೂ ಹೇಳಬೇಕು ಅನ್ನಿಸಿತು.

1934ರಲ್ಲೇ ಅಕ್ಕನ ನೆರವಿನಿಂದ ಅಮೀರಬಾಯಿಗೆ 'ವಿಷ್ಣು ಭಕ್ತಿ' ಚಿತ್ರದಲ್ಲಿ ಪಾತ್ರ ಸಿಕ್ಕಿತು. ಮುಂದಿನ ಏಳೆಂಟು ವರ್ಷ ಚಿತ್ರದ ಮೇಲೆ ಚಿತ್ರ, ಆದರೆ ದೊಡ್ಡ ಹೆಸರು ಬರಲಿಲ್ಲ. ಆಗಿನ ನಟಿಯ ಕೆಲಸ ಎಂಥದ್ದು ಅಂತ ತಿಳಿದರೆ ಯಾಕೆ ಬರಲಿಲ್ಲ ಅನ್ನುವುದೂ ತಿಳಿಯುತ್ತದೆ.

ಹಿನ್ನೆಲೆ ಗಾಯನ ಬರುವ ಮುಂಚೆ ನಟಿ ಕ್ಯಾಮರಾ ಮುಂದೆ ನಿಂತು ಆಗಲೇ ಹಾಡಬೇಕಿತ್ತು. ಮೈಕು ಒಂದೇ. ಅದು ಚೌಕಟ್ಟಿನೊಳಗೆ ಕಾಣದ ಹಾಗೆ ತಲೆಯ ಮೇಲೆ ತೂಗುತ್ತಿರುತ್ತದೆ. ಪೇಟಿಯವ, ತಬಲಾದವ, ಸಾರಂಗಿಯವ ಮರದ ಹಿಂದೋ ಪರದೆಯ ಹಿಂದೋ ಅಡಗಿ ಕೂತಿರುತ್ತಾರೆ. ನಟಿ ಓಡುವಂತಿಲ್ಲ, ತಿರುಗುವಂತಿಲ್ಲ. ಮೈಕಿನಿಂದ ಸ್ವಲ್ಪ ದೂರ ಹೋದರೂ ದನಿ ತೆಳುವಾಗುತ್ತದೆ. ಕಾಗೆ ಕೂಗಿದರೆ ಮತ್ತೆ ಮೊದಲಿಂದ. ಹಾಗಾಗಿ ನಿರ್ಮಾಪಕರಿಗೆ ಒಂದೇ ದೇಹದಲ್ಲಿ ಮೂರು ಗುಣ ಬೇಕಿತ್ತು. ಮುಖ, ಅಭಿನಯ, ಕಂಠ. ಮೂರೂ ಇದ್ದವರು ತೀರ ಕಡಿಮೆ. ಅಮೀರಬಾಯಿಗೆ ಕಂಠ ಇತ್ತು, ಅಭಿನಯ ಇತ್ತು. ನಾಯಕಿಯ ಮುಖ ಅಂತ ಆಗಿನವರು ಯಾವುದನ್ನು ಅನ್ನುತ್ತಿದ್ದರೋ ಅದು ಇಲ್ಲ ಅಂತ ಅವರ ಲೆಕ್ಕ. ಹೀಗಾಗಿ ಚಿಕ್ಕ ಪಾತ್ರ, ಒಂದೆರಡು ಹಾಡು.

1935ರಲ್ಲಿ ಕಲ್ಕತ್ತೆಯ ನ್ಯೂ ಥಿಯೇಟರ್ಸ್‌ನವರು 'ಧೂಪ್ ಛಾಂವ್' ಚಿತ್ರದಲ್ಲಿ ಹೊಸ ಉಪಾಯ ಮಾಡಿದರು. ಹಾಡನ್ನು ಮೊದಲೇ ಸ್ಟುಡಿಯೋದಲ್ಲಿ ಧ್ವನಿಮುದ್ರಿಸಿ ಇಟ್ಟುಕೊಂಡು, ಚಿತ್ರೀಕರಣದ ಹೊತ್ತಿಗೆ ಅದನ್ನು ಹಾಕಿ, ನಟರು ಬಾಯಿ ಆಡಿಸಿದರು. ಇದೇ ಹಿನ್ನೆಲೆ ಗಾಯನ. ಈಗ ನಮಗಿದು ಮಾಮೂಲು, ಆಗ ಇದು ಹೆಂಗಸರ ಉದ್ಯೋಗವನ್ನೇ ಎರಡಾಗಿ ಸೀಳಿತು. ಮುಖ ಒಬ್ಬಳದು, ಕಂಠ ಇನ್ನೊಬ್ಬಳದು.

ಈ ಬದಲಾವಣೆ ಒಂದೇ ದಿನಕ್ಕೆ ಆಗಲಿಲ್ಲ. 1936ರ 'ಅಛೂತ್ ಕನ್ಯಾ'ದಲ್ಲಿ ಅಶೋಕ್ ಕುಮಾರ್, ದೇವಿಕಾ ರಾಣಿ ತಮ್ಮ ಹಾಡು ತಾವೇ ಹಾಡಿದರು. 1940ರ 'ನರಸಿ ಭಗತ್'ನಲ್ಲಿ ಅಮೀರಬಾಯಿ ನಟಿಯೂ ಹೌದು, ಗಾಯಕಿಯೂ ಹೌದು. ನರಸಿ ಮೆಹತಾನ ಪಾತ್ರ ವಿಷ್ಣುಪಂತ ಪಾಗ್ನೀಸರದು. ಅವರು ಹುಟ್ಟಿದ್ದು ಚಿಕ್ಕೋಡಿಯಲ್ಲಿ, ರಂಗಭೂಮಿಯಲ್ಲಿ ಹೆಣ್ಣುಪಾತ್ರ ಮಾಡಿ ಬಂದವರು, 'ಸಂತ ತುಕಾರಾಮ' ಚಿತ್ರದ ತುಕಾರಾಮರಾಗಿ ಮನೆಮಾತಾದವರು. ಗಾಂಧೀಜಿಗೆ ಪ್ರಿಯವಾದ 'ವೈಷ್ಣವ ಜನ ತೋ' ಭಜನೆಯನ್ನು ಆ ಚಿತ್ರದಲ್ಲಿ ಹಾಡಿದ್ದು ಇವರಿಬ್ಬರೇ. ಗುಜರಾತಿ ಭಜನೆ, ಹಿಂದಿ ಚಿತ್ರ, ಚಿಕ್ಕೋಡಿಯ ಗಂಡು, ಬೀಳಗಿಯ ಹೆಣ್ಣು.

ಆಮೇಲೆ 1943, 'ಕಿಸ್ಮತ್'. ಬಾಂಬೆ ಟಾಕೀಸ್ ಚಿತ್ರ, ನಿರ್ದೇಶನ ಜ್ಞಾನ್ ಮುಖರ್ಜಿ, ಸಂಗೀತ ಅನಿಲ್ ಬಿಸ್ವಾಸ್. ಪರದೆ ಮೇಲೆ ಮುಮ್ತಾಜ್ ಶಾಂತಿ, ಹಾಡುವ ಕಂಠ ಅಮೀರಬಾಯಿಯದು. ಕಲ್ಕತ್ತೆಯ ರಾಕ್ಸಿ ಟಾಕೀಸಿನಲ್ಲಿ ಮೂರು ವರ್ಷದ ಮೇಲೆ ಓಡಿತು. ಅದರಲ್ಲೊಂದು ಹಾಡು, ಕವಿ ಪ್ರದೀಪ್ ಬರೆದದ್ದು, ಅಮೀರಬಾಯಿ ಮತ್ತು ಖಾನ್ ಮಸ್ತಾನಾ ಹಾಡಿದ್ದು. ಹಿಂದುಸ್ತಾನ ನಮ್ಮದು, ಜಗತ್ತಿನವರೇ ದೂರ ಸರಿಯಿರಿ ಅನ್ನುವ ಹಾಡು. ಕ್ವಿಟ್ ಇಂಡಿಯಾ ನಡೆದು ವರ್ಷ ಕಳೆದಿರಲಿಲ್ಲ. ಬ್ರಿಟಿಷರು ಸೆನ್ಸಾರಿನಲ್ಲಿ ಹೇಗೆ ಬಿಟ್ಟರು? ಹಾಡಿನಲ್ಲಿ ಜರ್ಮನಿ, ಜಪಾನಿನವರ ಹೆಸರು ಸೇರಿಸಿದ್ದರು. ಮಹಾಯುದ್ಧದಲ್ಲಿ ಅವರೇ ಬ್ರಿಟಿಷರ ಶತ್ರುಗಳು. ಕಾಗದದ ಮೇಲೆ ಅದು ಸರ್ಕಾರದ ಪರವಾದ ಹಾಡು. ಟಾಕೀಸಿನಲ್ಲಿ ಕೂತವರಿಗೆ ಯಾರಿಗೆ 'ದೂರ ಸರಿ' ಅನ್ನುತ್ತಿದ್ದಾರೆ ಅಂತ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಅಲ್ಲಿಂದ ಐದಾರು ವರ್ಷ ಅಮೀರಬಾಯಿಯದೇ ಕಾಲ. 1944ರ 'ರತನ್', 1946ರ ಗುಜರಾತಿ 'ರಾಣಕದೇವಿ'. ಸೌರಾಷ್ಟ್ರದ ಹಳ್ಳಿಗಳಲ್ಲಿ ಆಕೆಯ ಗುಜರಾತಿ ಹಾಡನ್ನು ತಮ್ಮದೇ ಅಂತ ಹಾಡುವವರಿದ್ದಾರೆ. ಕನ್ನಡದವರು 'ಕನ್ನಡ ಕೋಗಿಲೆ' ಅಂದರು. ಒಟ್ಟು ಸುಮಾರು 150 ಚಿತ್ರಗಳಲ್ಲಿ 380 ಹಾಡು ಅನ್ನುವ ಲೆಕ್ಕ ಚಾಲ್ತಿಯಲ್ಲಿದೆ. 1948ರ 'ಶಹನಾಜ್' ಚಿತ್ರಕ್ಕೆ ಆಕೆಯೇ ಸಂಗೀತ ನಿರ್ದೇಶಕಿ. ಜದ್ದನ್‌ಬಾಯಿ, ಸರಸ್ವತಿ ದೇವಿಯರನ್ನು ಬಿಟ್ಟರೆ ಆಗ ಆ ಕುರ್ಚಿಯಲ್ಲಿ ಹೆಂಗಸರು ಕಾಣುತ್ತಿದ್ದುದು ಅಪರೂಪ. ಮನೆಯೊಳಗಿನ ಕಥೆ ಬೇರೆ ಇತ್ತು. ನಟ ಹಿಮಾಲಯವಾಲಾ ಜೊತೆಗಿನ ಮದುವೆ ಸುಖದ್ದಾಗಿರಲಿಲ್ಲ, ಅದರಿಂದ ಬಿಡಿಸಿಕೊಂಡು ಬಂದಳು. ಅದನ್ನು ಇಲ್ಲಿ ಹಿಗ್ಗಿಸುವ ಮನಸ್ಸಿಲ್ಲ.

ಹೆಸರು ಬಂತು ಅಂದೆ. ಆದರೆ ಹಿನ್ನೆಲೆ ಗಾಯನದ ಮೊದಲ ದಿನಗಳಲ್ಲಿ ಹೆಸರು ಬರುವುದೇ ಕಷ್ಟವಿತ್ತು. ಎಷ್ಟೋ ಪ್ಲೇಟುಗಳ ಮೇಲೆ ಹಾಡಿದವರ ಬದಲು ಪಾತ್ರದ ಹೆಸರು ಹಾಕುತ್ತಿದ್ದರು. 1949ರ 'ಮಹಲ್' ಚಿತ್ರದ ಪ್ರಸಿದ್ಧ ಹಾಡಿನ ಪ್ಲೇಟಿನ ಮೇಲೆ ಹಾಡಿದವರ ಹೆಸರು 'ಕಾಮಿನಿ'. ಅದು ಚಿತ್ರದ ಪಾತ್ರ. ಹಾಡಿದವರು ಲತಾ ಮಂಗೇಶ್ಕರ್. ಫಿಲ್ಮ್‌ಫೇರ್‌ನವರು ಹಿನ್ನೆಲೆ ಗಾಯಕರಿಗೆ ಅಂತ ಪ್ರಶಸ್ತಿ ಕೊಡಲು ಶುರು ಮಾಡಿದ್ದು 1959ರಲ್ಲಿ. ಅಷ್ಟು ಹೊತ್ತಿಗೆ ಅಮೀರಬಾಯಿಯ ಹಾಡಿನ ಕಾಲ ಮುಗಿದಿತ್ತು.

ಯಾಕೆ ಮುಗಿಯಿತು? 'ಲತಾ ಬಂದರು, ಉಳಿದವರು ಹೋದರು' ಅಂತ ಒಂದೇ ಸಾಲಿನಲ್ಲಿ ಹೇಳಿಬಿಡುತ್ತಾರೆ. ನನಗೂ ಹಾಗೇ ಅನ್ನಿಸಿತ್ತು, ಮಿರಜದಲ್ಲಿ ಒಂದು ಮಧ್ಯಾಹ್ನ ಕಳೆಯುವವರೆಗೆ.

ಮಿರಜದಲ್ಲಿ ಸಿತಾರು, ತಂಬೂರಿ ಮಾಡುವವರ ಗಲ್ಲಿ ಇದೆ. ಬಾಗಿಲಲ್ಲಿ ಒಣಗಿದ ಕುಂಬಳದ ಬುರುಡೆಗಳನ್ನು ತೂಗುಹಾಕಿರುತ್ತಾರೆ. ಅಲ್ಲೇ ಸಮೀಪ ಹಳೆ ರೇಡಿಯೋ ರಿಪೇರಿ ಮಾಡುವ ಒಬ್ಬರ ಹತ್ತಿರ ಕೀಲಿ ಕೊಡುವ ಗ್ರಾಮಫೋನ್ ಇತ್ತು. ನಮ್ಮ ಮುತ್ಯಾನ ಪೆಟ್ಟಿಗೆಯಲ್ಲಿ ಸಿಕ್ಕ ಎರಡು ಪ್ಲೇಟನ್ನು ಹಳೆ ಧೋತರದಲ್ಲಿ ಸುತ್ತಿಕೊಂಡು ಹೋಗಿದ್ದೆ. ಅರಗಿನ ಪ್ಲೇಟು, ಕೈಯಿಂದ ಜಾರಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ನಿಮಿಷಕ್ಕೆ 78 ಸುತ್ತು, ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ. ಅವರು ಹೊಸ ಪಿನ್ನು ಹಾಕಿದರು, ಕೀಲಿ ತಿರುಗಿಸಿದರು. ಮೊದಲು ಬರೀ ಹುರಿಗಡಲೆ ಹುರಿದ ಹಾಗೆ ಸದ್ದು. ಆಮೇಲೆ ದನಿ ಬಂತು. ಕರೆಂಟ್ ಇಲ್ಲ, ಸ್ಪೀಕರ್ ಇಲ್ಲ, ಬರೀ ಒಂದು ತಗಡಿನ ತುತ್ತೂರಿ. ಆದರೂ ಬೀದಿಯಲ್ಲಿ ಹೋಗುವವರು ನಿಂತರು. ಪ್ಲೇಟಿನ ನಡುವಿನ ಕಾಗದ ಸವೆದು ಹೋಗಿತ್ತು, 'ಬಾಯಿ' ಅನ್ನುವಷ್ಟು ಅಕ್ಷರ ಮಾತ್ರ ಉಳಿದಿದ್ದವು. ಯಾವ ಬಾಯಿಯೋ ಏನೋ.

ರಿಪೇರಿಯವರು ಒಂದು ಮಾತು ಅಂದರು. "ಈ ಬಾಯಿ ಮೈಕಿಗೆ ಹಾಡೂದಿಲ್ರಿ, ಗ್ವಾಡಿಗೆ ಹಾಡ್ತಾಳ."

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಕಂಪನಿ ನಾಟಕದ ಥೇಟರು ಅಂದರೆ ತಗಡಿನ ಗೋಡೆ, ಗ್ಯಾಸ್‌ಬತ್ತಿ, ನೆಲದ ಮೇಲೆ ಕೂತ ನೂರಾರು ಜನ. ಮೈಕಿಲ್ಲ. ಕಟ್ಟಕಡೆಯ ಸಾಲಿನಲ್ಲಿ ಎರಡಾಣೆ ಕೊಟ್ಟವನಿಗೂ ಪದ ಕೇಳಬೇಕು, ಇಲ್ಲದಿದ್ದರೆ ಅವನು ಸೀಟಿ ಹೊಡೆಯುತ್ತಾನೆ. ಅದಕ್ಕೆ ಎದೆಯಿಂದ ದನಿ ಎತ್ತಬೇಕು, ಬಾಯಿ ಪೂರ್ತಿ ತೆರೆಯಬೇಕು, ಸ್ವರವನ್ನು ಎಳೆದು ನಿಲ್ಲಿಸಬೇಕು. ನಮ್ಮ ಕಡೆ ಇದಕ್ಕೆ 'ಖುಲ್ಲಾ ಆವಾಜ್' ಅನ್ನುತ್ತಾರೆ. ಮೊದಮೊದಲ ಗ್ರಾಮಫೋನ್ ಧ್ವನಿಮುದ್ರಣಕ್ಕೂ ಇಂಥ ದನಿಯೇ ಬೇಕಿತ್ತು. ಆಗ ಮೈಕಿರಲಿಲ್ಲ, ತುತ್ತೂರಿಯೊಳಗೆ ಜೋರಾಗಿ ಹಾಡಿದರೆ ಅದರ ಅದುರಿಗೆ ಸೂಜಿ ಮೇಣದ ಮೇಲೆ ಗೀರು ಕೊರೆಯುತ್ತಿತ್ತು. 1925ರಿಂದ ಮೈಕಿನ ಧ್ವನಿಮುದ್ರಣ ಬಂತು. ತಂತ್ರ ಬದಲಾಯಿತು, ಆದರೆ ಹಾಡುವವರು ಹಳಬರೇ, ಕೇಳುವವರ ರುಚಿಯೂ ಹಳೆಯದೇ. ಮೈಕಿನ ಮುಂದೆ ನಿಂತರೂ ಗೋಡೆಗೇ ಹಾಡುತ್ತಿದ್ದರು. ಅಮೀರಬಾಯಿ, ಜೋಹ್ರಾಬಾಯಿ, ಶಂಶಾದ್ ಬೇಗಂ ಎಲ್ಲರ ದನಿಯಲ್ಲೂ ಆ ತೂಕ ಇದೆ.

ಮೈಕು ಮಾತ್ರ ತನ್ನ ಕೆಲಸ ನಿಧಾನಕ್ಕೆ ಮಾಡುತ್ತಲೇ ಇತ್ತು. ಅದು ಚೆನ್ನಾಗಿ ಆದಷ್ಟೂ ಜೋರಾಗಿ ಹಾಡುವ ಅಗತ್ಯ ಹೋಯಿತು. ಪಿಸುಮಾತನ್ನೂ ಅದು ಎತ್ತಿಕೊಳ್ಳುತ್ತದೆ, ಉಸಿರನ್ನೂ. ಸಣ್ಣ ದನಿಯಲ್ಲಿ ಹಾಡಿದರೆ ಪರದೆ ಮೇಲಿನ ಹದಿನಾರರ ಹುಡುಗಿಗೆ ಅದು ಸರಿಹೊಂದುತ್ತದೆ. ಹಿಂದೆ ನಲವತ್ತು ಪಿಟೀಲು ಇಟ್ಟರೂ ಸಣ್ಣ ದನಿ ಮೇಲೆಯೇ ತೇಲುತ್ತದೆ. 1949ರಲ್ಲಿ 'ಮಹಲ್', 'ಬರ್ಸಾತ್', 'ಅಂದಾಜ್' ಒಂದರ ಹಿಂದೆ ಒಂದು ಬಂದಾಗ ಜನ ಕೇಳಿದ್ದು ಹೊಸ ಗಾಯಕಿಯನ್ನು ಮಾತ್ರವಲ್ಲ, ಮೈಕಿಗೇ ಹುಟ್ಟಿದ ದನಿಯೊಂದನ್ನು. ಅದೇ ಕಿವಿಗೆ ಅಮೀರಬಾಯಿಯ ದನಿ ಒಮ್ಮೆಗೇ ವಯಸ್ಸಾದ ಹಾಗೆ ಕೇಳಿಸಿತು. ಆಕೆಯ ಕಂಠ ಏನೂ ಕೆಟ್ಟಿರಲಿಲ್ಲ.

ಮೈಕು ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ. ದೇಶ ಎರಡಾಯಿತು, ಸ್ಟುಡಿಯೋಗಳು ಒಡೆದವು. ಟೈಟಲ್ ಕಾರ್ಡುಗಳಿಂದ 'ಬಾಯಿ' ಕೂಡ ಮೆಲ್ಲಗೆ ಅಳಿಸಿಹೋಯಿತು. ಲತಾ, ಗೀತಾ, ಆಶಾ, ಸುಮನ್, ಯಾರಿಗೂ ಬಾಯಿ ಇಲ್ಲ. ಅಡ್ಡಹೆಸರು ಇದೆ, ಮನೆತನ ಇದೆ. ಹೊಸ ಸ್ವತಂತ್ರ ದೇಶದ ಮಧ್ಯಮವರ್ಗಕ್ಕೆ ಹಾಡು ಬೇಕಿತ್ತು, ಹಾಡಿನ ಹಿಂದಿನ ಕೋಠಾ, ಅಂದರೆ ಬಾಯಿಯರು ಹಾಡಿ ಕುಣಿಯುವ ಮನೆ, ಬೇಡವಾಗಿತ್ತು.

ಇಲ್ಲೇ ಒಂದು ವಿಚಿತ್ರ. ಲತಾ ಬಂದದ್ದು ಬೇರೆ ಲೋಕದಿಂದಲ್ಲ. ಅಪ್ಪ ದೀನಾನಾಥ ಮಂಗೇಶ್ಕರ್ ಬಲವಂತ ಸಂಗೀತ ಮಂಡಳಿ ನಡೆಸಿದ ಕಂಪನಿ ಮಾಲೀಕರು, ತಾವೇ ಹೆಣ್ಣುಪಾತ್ರ ಮಾಡಿ ಹೆಸರಾದವರು. ಲತಾ ಬಾಲ್ಯ ಕಳೆದದ್ದು ನಮ್ಮ ಸಾಂಗ್ಲಿಯಲ್ಲಿ. ಅಮೀರಬಾಯಿ, ಲತಾ ಇಬ್ಬರೂ ಒಂದೇ ತಗಡಿನ ಥೇಟರಿನ ಮಕ್ಕಳು. ಒಬ್ಬಳು ಅದರ ದನಿಯನ್ನು ಹೊತ್ತುಕೊಂಡು ಮುಂಬೈಗೆ ಹೋದಳು, ಇನ್ನೊಬ್ಬಳು ಆ ದನಿಯನ್ನು ಸಾಂಗ್ಲಿಯಲ್ಲೇ ಬಿಟ್ಟು ಹೋದಳು.

ಅಮೀರಬಾಯಿ ಹಠ ಹಿಡಿದು ಮೂಲೆಯಲ್ಲಿ ಕೂರಲಿಲ್ಲ. ಹಾಡು ಕಡಿಮೆಯಾದ ಹಾಗೆ ಮತ್ತೆ ನಟನೆಗೆ ಹೋದಳು. ತಾಯಿ, ಅತ್ತೆ, ಚಿಕ್ಕಮ್ಮ, ಯಾವ ಪಾತ್ರ ಬಂದರೆ ಅದು. ನನಗೆ ಇದು ಸೋಲು ಅನ್ನಿಸುವುದಿಲ್ಲ. ಆಕೆ ಮುಂಬೈಗೆ ಹೋದದ್ದೇ ನಟಿಯಾಗಿ. ನಡುವೆ ಐದಾರು ವರ್ಷ ಯಂತ್ರವೊಂದು ಆಕೆಯ ಕಂಠವನ್ನು ಮೈಯಿಂದ ಬೇರೆ ಮಾಡಿ ದೇಶಕ್ಕೆಲ್ಲ ಹಂಚಿತು. ಆಮೇಲೆ ಅದೇ ಯಂತ್ರಕ್ಕೆ ಆ ಕಂಠ ಬೇಡವಾದಾಗ ಉಳಿದ ಮೈಯಿಂದಲೇ ಕೆಲಸ ಮುಂದುವರಿಸಿದಳು. ಕಂಪನಿಯಲ್ಲಿ ನಾಯಕಿಗೆ ವಯಸ್ಸಾದರೆ ತಾಯಿಪಾತ್ರ ಮಾಡುವುದು ಇದ್ದದ್ದೇ.

ಊರನ್ನೂ ಬಿಡಲಿಲ್ಲ. ವಿಜಯಪುರದ ಅಮೀರ್ ಟಾಕೀಸ್ ಆಕೆಯದೇ. ಜತ್ತ, ಉಮದಿ ಕಡೆಯ ಜನರಿಗೆ ವಿಜಯಪುರದ ಸಂತೆ ಅಂದರೆ ಒಂದು ಸಿನಿಮಾನೂ ಸೇರಿಯೇ ಲೆಕ್ಕ. ಅಲ್ಲಿ ಸಿನಿಮಾ ನೋಡಿ ಬಂದ ನಮ್ಮ ಮುತ್ಯಾ ಟಾಕೀಸಿನ ಹೆಸರು ಹೇಳುತ್ತಿದ್ದ, ಹೆಸರು ಯಾರದು ಅಂತ ಹೇಳುತ್ತಿರಲಿಲ್ಲ. ಬಹುಶಃ ಎಲ್ಲರಿಗೂ ಗೊತ್ತಿದ್ದುದನ್ನು ಯಾಕೆ ಹೇಳಬೇಕು ಅಂತಿರಬೇಕು.

ಅಮೀರಬಾಯಿ ಪಾರ್ಶ್ವವಾಯು ಬಡಿದು ನಾಲ್ಕೇ ದಿನಕ್ಕೆ ತೀರಿಕೊಂಡಳು. ಮಣ್ಣು ಮಾಡಿದ್ದು ಬಿಜಾಪುರದಲ್ಲೇ.

ಮಿರಜದ ರಿಪೇರಿಯವರು ಪ್ಲೇಟನ್ನು ಧೋತರದಲ್ಲಿ ಮತ್ತೆ ಸುತ್ತಿ ಕೊಡುವಾಗ ದುಡ್ಡು ತಗೊಳ್ಳಲಿಲ್ಲ. "ಇನ್ನೊಂದು ಬದಿ ಕೇಳಲೇ ಇಲ್ಲಲ್ರಿ," ಅಂದರು. ಬಸ್ಸಿಗೆ ಹೊತ್ತಾಗಿತ್ತು. ಮುಂದಿನ ಸಲ ಕೇಳಬೇಕು.